ಇರ್ಮಾಳ ಮನೆ ನೆಟ್ಟಗಾದ ಗುರುವಾರ

ಬೆಲ್ಜಿಯಂನ ಗೇಲ್ ಊರಲ್ಲಿ ತಲೆ ನೆಟ್ಟಗಿಲ್ಲದ ಹೊರಗಿನವರನ್ನು ಮನೆಯವರಂತೆ ಇಟ್ಟುಕೊಂಡು ಬಾಳುವುದು ಇರ್ಮಾಳ ಮುತ್ತಜ್ಜಿಗಿಂತಲೂ ಹಳೆಯ ರೂಢಿ. ಅವಳ ಮನೆಗೆ ಹಾಗೆ ಫಿರ್ಮಿನ್ ಬಂದು ಮೂವತ್ತೊಂದು ವರ್ಷವಾಗಿತ್ತು. ಕುರ್ಚಿಗಳಿಗೆ ಶೀತವಾಗುತ್ತದೆಂದು ಅವನು ಅಕ್ಟೋಬರ್‌ನಿಂದ ಈಸ್ಟರ್ ತನಕ ಅವುಗಳ ಕಾಲಿಗೆ ಉಣ್ಣೆಯ ಕಾಲುಚೀಲ ತೊಡಿಸುತ್ತಿದ್ದ. ಎಳೆದರೆ ಸದ್ದಾಗುವುದಿಲ್ಲವೆಂದು ಇರ್ಮಾಳ ಗಂಡ, ಬದುಕಿದ್ದಾಗ, ಖುಷಿಪಟ್ಟಿದ್ದ. ಅಷ್ಟೇ, ಅದರ ಬಗ್ಗೆ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಇರ್ಮಾಳಿಗೆ ತನ್ನ ಬಗ್ಗೆ ಬಲು ಜಂಬ. “ನಾನಿಲ್ದಿದ್ರೆ ಇವ್ನ ಗತಿ ಏನು?” ಎಂದು ಬೇಕರಿಯ ಸಾಲಿನಲ್ಲಿ ನಿಂತು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಆದರೆ ಎಪ್ಪತ್ತೊಂದಕ್ಕೆ ಕಾಲಿಟ್ಟ ಮೇಲೆ ಅವಳದೇ ತಲೆ ಕೈಕೊಡತೊಡಗಿತು. ಗ್ಯಾಸ್ ಆರಿಸಲು ಮರೆತಳು. ಕನ್ನಡಕ ಕಾಣದಾದಾಗ ಫಿರ್ಮಿನ್‌ನನ್ನು ಚೆನ್ನಾಗಿ ಗದರಿದಳು. ಅದು ಬೆಣ್ಣೆ ಡಬ್ಬಿಯಲ್ಲಿ ಸಿಕ್ಕಿದಾಗ ಬೆಣ್ಣೆಯನ್ನೇ ಬೈದಳು. ಮಹಾ ಬುದ್ಧಿವಂತೆ!

ಮಾರ್ಚ್ ಬಂತು. ಇಂಥ ಮನೆಗಳ ಯೋಗಕ್ಷೇಮ ನೋಡುವ ನರ್ಸ್ ಹಿಲ್ಕೆ ಗುರುವಾರ ಬರುವವಳಿದ್ದಳು. ವಿಷಯ ಗೊತ್ತಾದರೆ ಫಿರ್ಮಿನ್‌ನನ್ನು ಬೇರೆ ಮನೆಗೆ ಕಳಿಸಿಬಿಟ್ಟಾರೆಂದು ಇರ್ಮಾಳಿಗೆ ಜೀವ ಬಾಯಿಗೆ ಬಂತು. ಅವನಿಲ್ಲದ ಅಡುಗೆಮನೆಯನ್ನು ನೆನೆದರೇ ಅಳು ಬರುತ್ತಿತ್ತು. ನೆಲ ಒರೆಸಿದಳು, ಪರದೆ ಒಗೆದಳು, ಅಕ್ಕಿ ಪಾಯಸ ತುಂಬಿದ ಟಾರ್ಟನ್ನು ಒಲೆಯೊಳಗಿಟ್ಟಳು. ಕೊನೆಗೆ, ಎಲ್ಲ ನೆಟ್ಟಗೆ ಕಾಣಲಿ ಎಂದು ಕುರ್ಚಿಗಳ ಕಾಲುಚೀಲ ಬಿಚ್ಚಿ ಡ್ರಾಯರಿಗೆ ತುರುಕಿ, ಎಂಥ ಉಪಾಯ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಹಿಲ್ಕೆ ಬಂದವಳು ಬಾಗಿಲಲ್ಲೇ ನಿಂತಳು. “ಇರ್ಮಾ ಆಂಟಿ, ಕುರ್ಚಿ ಕಾಲುಚೀಲ ಎಲ್ಲಿ?”

“ಒಗೆಯಕ್ಕೆ ಹಾಕಿದೀನಿ ಕಣಮ್ಮ.”

“ಎಲ್ಲಾ ಒಟ್ಟಿಗೇನಾ? ಒಂಬತ್ತು ವರ್ಷದಿಂದ ಬರ್ತಿದೀನಿ, ಈ ಮನೆ ಇಷ್ಟು ನೆಟ್ಟಗಿದ್ದಿದ್ದು ನೋಡೇ ಇಲ್ಲ. ಏನು ಮುಚ್ಚಿಡ್ತಿದೀರ?”

ಊರಿಗೆಲ್ಲ ಬುದ್ಧಿ ಹೇಳುವ ಇರ್ಮಾಳಿಗೆ ಇದೊಂದು ಹೊಳೆದಿರಲಿಲ್ಲ. ಗೇಲ್‌ನಲ್ಲಿ ಇಂಥ ಮನೆಯೊಂದು ಇದ್ದಕ್ಕಿದ್ದಂತೆ ಬೇರೆ ಊರಿನ ಮನೆಯ ಹಾಗೆ ಕಂಡರೆ, ಅಲ್ಲಿ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಪೆಚ್ಚುನಗೆ ನಗುತ್ತಾ ಟಾರ್ಟ್ ತರಲು ಎದ್ದಳು. ಅದು ಹಸಿಹಸಿಯಾಗಿಯೇ ಕೂತಿತ್ತು. ಒಲೆ ಹಚ್ಚಿಯೇ ಇರಲಿಲ್ಲ.

“ಕೂತ್ಕೊಳ್ಳಿ ಫಿರ್ಮಿನ್,” ಎಂದಳು ಹಿಲ್ಕೆ.

“ಬರಿಗಾಲಲ್ಲಿ ನಿಂತಿರೋ ಕುರ್ಚಿ ಮೇಲಾ? ಪಾಪ ಅಲ್ವಾ?” ಫಿರ್ಮಿನ್ ಗೋಡೆಗೊರಗಿಯೇ ನಿಂತ. “ಅಕ್ಕ ಇವತ್ತು ಒಲೆ ಹಚ್ಚಿಲ್ಲ. ಬೇರೆ ದಿನ ಹಚ್ತಾರೆ, ಆರ್ಸಲ್ಲ. ನಾನು ಆರಿಸ್ತೀನಿ. ಕ್ರಿಸ್‌ಮಸ್ಸಿನಿಂದ.”

“ಬಾಯ್ಮುಚ್ಚೋ ದ್ರೋಹಿ!” ಎಂದ ಇರ್ಮಾ ಮರುಗಳಿಗೆಯೇ ಗೊಳೋ ಎಂದು ಅತ್ತಳು. “ಇವ್ನನ್ನ ಕರ್ಕೊಂಡು ಹೋಗ್ಬೇಡ ಕಣೇ ಹಿಲ್ಕೆ.”

“ಸಹಾಯಕ್ಕೆ ದಿನಾ ಒಬ್ಬರನ್ನ ಕಳಿಸ್ತೀನಿ, ಇವರು ಇಲ್ಲೇ ಇರ್ಲಿ. ಆದ್ರೆ ನಾಳೆ ಡಾಕ್ಟರ್ ಹತ್ರ ಹೋಗಿ ನಿಜ ಹೇಳ್ಬೇಕು. ಅಲ್ಲೂ ಸುಳ್ಳು ಹೇಳಿದ್ರೆ ನಾನೇನೂ ಮಾಡಕ್ಕಾಗಲ್ಲ ಆಂಟಿ.”

ಮರುದಿನ ಇರ್ಮಾ, ಫಿರ್ಮಿನ್ ಇಬ್ಬರೂ ಆಸ್ಪತ್ರೆಗೆ ಹೋದರು. ಚೀಟಿ ಬರೆಯುವ ಕಿಟಕಿಯಾಚೆಗಿದ್ದ ಹುಡುಗಿ ರೂಢಿಯಂತೆ ಫಿರ್ಮಿನ್‌ನ ಫೈಲು ತೆಗೆದು ಇರ್ಮಾಳನ್ನೇ ಕೇಳಿದಳು: “ಏನಂತೆ ಇವತ್ತು ಇವರಿಗೆ?”

ಮೂವತ್ತೊಂದು ವರ್ಷದಿಂದ ಅವನ ಪರವಾಗಿ ಉತ್ತರ ಕೊಟ್ಟು ಪಳಗಿದ ನಾಲಿಗೆ. ‘ಸ್ವಲ್ಪ ಕೆಮ್ಮು’ ಎನ್ನಲು ಸಿದ್ಧವಾಗಿಯೇ ಇತ್ತು.

“ನಂಗೇನಿಲ್ಲ, ಅಕ್ಕಂಗೆ,” ಎಂದ ಫಿರ್ಮಿನ್, ಎದೆಯುಬ್ಬಿಸಿ. “ಅವರು ಸ್ವಲ್ಪ ಸುಳ್ಳು ಹೇಳ್ತಾರೆ. ನಾನಿಲ್ದಿದ್ರೆ ಆಗಲ್ಲ, ಅದಕ್ಕೇ ಬಂದೆ.”

ಇರ್ಮಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಹೌದು ಕಣಮ್ಮ,” ಎಂದಳು. “ಇವ್ನು ಹೇಳಿದ್ದೇ ಬರ್ಕೋ.”