ಹಗುರ ಮಾಡುವ ಸೂರ್ಯಕಾಂತ

ಕಲಬುರಗಿಯಲ್ಲಿ ಯಾರ ಕಂಪ್ಯೂಟರ್ ತೂಕಡಿಸಿದರೂ ಸೂರ್ಯಕಾಂತನಿಗೆ ಕರೆ ಹೋಗುತ್ತದೆ. ನೆಹರು ಗಂಜಿನ ಬೇಳೆ ವ್ಯಾಪಾರಿಗಳ ಹಳೇ ಡೇಟಾ ಅಳಿಸಿ ಸಾಫ್ಟ್‌ವೇರ್ ಓಡುವಂತೆ ಮಾಡುವುದು ಅವನ ಕಸುಬು. "ಹಗುರ ಮಾಡ್ರಿ, ತಾನ ಓಡ್ತದ" ಎನ್ನುವುದು ಅವನ ಮಂತ್ರ. "ಇರ್ಲಿ ಬಿಡಪಾ, ಅದೇನು ರೊಟ್ಟಿ ಕೇಳ್ತದೇನು?" ಎಂದು ಸಾಹುಕಾರರು ಗೋಗರೆದರೂ ಬಿಡುವವನಲ್ಲ. ಒಂದೇ ಹೆಸರು ಎರಡು ಸಲ ಕಂಡರಂತೂ ಜೋಳದಲ್ಲಿ ಕಲ್ಲು ಕಂಡವನಂತೆ ಆರಿಸಿ ಎಸೆಯುತ್ತಾನೆ. ಮದುವೆಮನೆಯಲ್ಲಿ ಎರಡನೇ ಸಲ ಸಜ್ಜಕ ಬಡಿಸಲು ಬಂದವರಿಗೂ "ಡಬಲ್ ಎಂಟ್ರಿ ಆತ್ರೀ" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಇಂಥವನು ಈಗೀಗ ಜೋಡಿ ಹೆಸರು ಅಳಿಸುವ ಮುನ್ನ ಫೋನ್ ಹಚ್ಚಿ, "ನೀವು ಒಬ್ಬರೇನ್ರೀ, ಇಬ್ಬರೇನ್ರೀ?" ಎಂದು ಕೇಳುತ್ತಾನೆ. ಅದು ಕಮಲಾಪುರದ ಬಾಳೆ ಬೆಳೆಗಾರರ ಸಂಘದಲ್ಲಿ ಕಲಿತದ್ದು. ಅಲ್ಲಿಯ ಸದಸ್ಯರ ಪಟ್ಟಿಯಲ್ಲಿ ಅದೇ ಅಡ್ಡಹೆಸರು, ಅದೇ ಓಣಿ, ಕಾಗದಪತ್ರಕ್ಕೆಂದು ಮಾಸ್ತರರು ಊರಿಗೆಲ್ಲ ಹಂಚಿದ ಅದೇ ಜೂನ್ ಒಂದರ ಹುಟ್ಟುದಿನ ಹೊತ್ತ ಬಂಡೆಮ್ಮ ಎರಡು ಸಲ ಇದ್ದಳು, ಒಬ್ಬಳನ್ನು ಅಳಿಸಿದ. ಬಂಡೆಮ್ಮನ ಹೆಸರಿಗೆ ಒಂದೇ ಪಾಲು ಬಾಳೆಸಸಿ ಬಂದ ದಿನ, ಅಣ್ಣತಮ್ಮಂದಿರನ್ನು ಮದುವೆಯಾಗಿ ನೆಗೆಣ್ಣಿಯರಾದ ಇಬ್ಬರು ಬಂಡೆಮ್ಮಂದಿರೂ ಕೈಕೈ ಹಿಡಿದುಕೊಂಡು ಬಂದು ಅವನೆದುರು ನಿಂತರು. "ತಮ್ಮಾ, ಮಾರಿ ನೋಡಿ ಹೇಳು. ನಮ್ಮೊಳಗ ಇಲ್ಲದಾಕಿ ಯಾರು?"