ಹೊಳಿಯಪ್ಪ ತೋಡದೆ ಬಿಟ್ಟ ಕುಣಿ

ಹೊಳಿಯಪ್ಪನಿಗೆ ನಮ್ಮೂರು ಒಂದು ಗೋರಿಯ ಕೂಲಿ ಕೊಡುವುದಿದೆ. ಎರಡು ಸೇರು ಜೋಳ, ಒಂದು ತೆಂಗಿನಕಾಯಿ. 1948ರ ಬಾಕಿ. ಅವನು ತೋಡುವ ಕೆಲಸ ಮುಗಿಸಿದ್ದ, ಒಳಗೆ ಇಳಿಸುವ ಹೆಣವನ್ನು ನಾವು ಕೊಡಲಿಲ್ಲ. ಹೆಣವಿಲ್ಲದ ಗೋರಿಗೆ ಎಂಥ ಕೂಲಿ ಎಂದು ಊರು ಕೇಳಿತು. ಅವನು ಕೂಲಿ ಕೇಳಿರಲೇ ಇಲ್ಲ. ಅವನು ಕೇಳಿದ್ದು ಹೆಣ.

ನಮ್ಮೂರು ಕುಕನೂರಿನಿಂದ ಎರಡು ಹರದಾರಿ. ಆಗ ಯಲಬುರ್ಗಿ ತಾಲ್ಲೂಕು, ನಿಜಾಮರ ರಾಜ್ಯ. ಸುತ್ತ ಎರೆ ಹೊಲ, ನಡುವೆ ಇನ್ನೂರು ಮನೆ. ಹೆಚ್ಚಿನವರು ಲಿಂಗಾಯತರು. ಮಸೂತಿಯ ಮಗ್ಗುಲಲ್ಲಿ ಮೂರು ಮನೆ ಸಾಬರು. ಊರ ಹೊರಗೆ ಕೇರಿ. ಹೊಳಿಯಪ್ಪ ಕೇರಿಯವನು, ಕುಣಿ ತೋಡುವುದು ಅವನ ಮನೆತನಕ್ಕೆ ಬಂದ ಕೆಲಸ. ಯಾರು ಸತ್ತರೂ ಅವನ ಗುದ್ದಲಿಯೇ ಬೀಳಬೇಕು. ಮೊಹರಮ್ಮಿನಲ್ಲಿ ಮಸೂತಿಯ ಮುಂದೆ ಬೆಂಕಿ ಹಾಕುವ ಅಲಾಯಿ ಕುಣಿಯನ್ನೂ ಅವನೇ ತೋಡಬೇಕು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಅವನಿಗೆ ಮೂರು ನಮೂನೆಯ ಗೋರಿ ಬರುತ್ತಿದ್ದವು. ಲಿಂಗಾಯತರದು ಕೂಡ್ರಿಸುವ ಕುಣಿ. ಸತ್ತವರ ಪಾದದ ಅಳತೆ ಹಿಡಿದು ತೋಡಿ, ಒಳಗೋಡೆಯಲ್ಲಿ ಗೂಡು ಕೊರೆಯಬೇಕು. ಹೆಣ ಅದರೊಳಗೆ ಕೈಯಲ್ಲಿ ಲಿಂಗ ಹಿಡಿದು ಕೂಡುತ್ತದೆ. ಸಾಬರದು ಮಲಗಿಸುವ ಕುಣಿ. ತಳದಲ್ಲಿ ಪಡುವಣ ಮಗ್ಗುಲಿಗೆ ಬಗಲಿ, ಅಂದರೆ ಹೆಣ ಹಿಡಿಸುವಷ್ಟು ಅಡ್ಡ ಗೂಡು, ತೆಗೆದು, ಮುಖ ಪಡುವಣಕ್ಕೆ ತಿರುಗುವಂತೆ ಮಲಗಿಸಬೇಕು. ಕೇರಿಯದೂ ಮಲಗಿಸುವುದೇ, ಆದರೆ ತಲೆ ತೆಂಕಣಕ್ಕೆ, ಬಗಲಿ ಗಿಗಲಿ ಏನೂ ಇಲ್ಲ, ಮೇಲೆ ಮುಳ್ಳು ಹಾಕಿ ಮಣ್ಣು ಎಳೆದರೆ ಮುಗಿಯಿತು. ಎರೆಮಣ್ಣಿನಲ್ಲಿ ಗೂಡು ಕೊರೆಯುವುದು ಸುಲಭವಲ್ಲ, ಸ್ವಲ್ಪ ತಪ್ಪಿದರೆ ಕುಸಿಯುತ್ತದೆ. ಹೊಳಿಯಪ್ಪ ಕೊರೆದ ಗೂಡು ಒಂದೂ ಕುಸಿಯಲಿಲ್ಲ. ಸತ್ತ ಗೌಡರಿಗೆ ಅಷ್ಟು ಗಟ್ಟಿ ಮನೆ ಕಟ್ಟಿಕೊಟ್ಟವನು ಬದುಕಿದ ಗೌಡರ ಹೊಸ್ತಿಲು ತುಳಿಯುವಂತಿರಲಿಲ್ಲ.

ಅವನು ಕೂಡುತ್ತಿದ್ದುದು ಶಫೀಸಾಬನ ಕಟ್ಟೆಯ ಮೇಲೆ. ಶಫೀಸಾಬ ಪಿಂಜಾರ, ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮಸೂತಿ ನೋಡಿಕೊಂಡು ಓದಿಕೆ ಮಾಡುವ ಮುಜಾವರನೂ ಅವನೇ. ಅವನ ಹೆಂಡತಿ ಮೆಹಬೂಬಬೀ ಹೊಳಿಯಪ್ಪನಿಗೆ ತನ್ನ ಮನೆಯ ಬಟ್ಟಲಲ್ಲೇ ಚಹಾ ಕೊಡುತ್ತಿದ್ದಳು. ಊರಲ್ಲಿ ಅವನು ಬಟ್ಟಲು ಹಿಡಿದು ಕುಡಿಯುತ್ತಿದ್ದ ಮನೆ ಅದೊಂದೇ.

1938ರ ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಗಂಗಾವತಿ ಕಡೆಗೆ ಭತ್ತದ ಗದ್ದೆಯ ಕೂಲಿಗೆ ಹೊರಟಿದ್ದ ಒಂದು ಗುಂಪು, ಕೈಲಾಗದ ಹೆಣ್ಣುಮಗಳೊಬ್ಬಳನ್ನು ಮಸೂತಿ ಕಟ್ಟೆಯ ಮೇಲೆ ಮಲಗಿಸಿ ಮುಂದೆ ಹೋಯಿತು. ಹೆಸರು ಕೇಳಿದರೆ ಫಕೀರಮ್ಮ ಎಂದಳು. ಮಧ್ಯಾಹ್ನದವರೆಗೆ ಹಸೇನ ಹುಸೇನ ಎಂದು ಕರೆಯುತ್ತ ಇದ್ದು, ಸತ್ತಳು. ನಮ್ಮ ಕಡೆ ಹೆಸರು ಕೇಳಿ ಜಾತಿ ಹೇಳಲಾಗದು. ಮೊಹರಮ್ಮಿನಲ್ಲಿ ಹರಕೆ ಹೊತ್ತು ಹಡೆದ ಎಲ್ಲ ಮಕ್ಕಳೂ ಫಕೀರಪ್ಪ, ಫಕೀರಮ್ಮರೇ. ಅದು ಶಫೀಸಾಬನಿಗೂ ಗೊತ್ತು, ಹೊಳಿಯಪ್ಪನಿಗೂ ಗೊತ್ತು. ಆದರೂ ಮಸೂತಿಯಲ್ಲಿ ಸತ್ತಳು, ಹುಸೇನನನ್ನು ಕರೆದು ಸತ್ತಳು ಎಂದು ಇಬ್ಬರೂ ಅವಳನ್ನು ಸಾಬರವಳೆಂದೇ ತಿಳಿದರು. ಹೊಳಿಯಪ್ಪ ಬಗಲಿ ತೆಗೆದ. ಶಫೀಸಾಬ ತನಗೆ ಬಂದಷ್ಟು ಓದಿದ.

ಹದಿನೈದು ದಿನಕ್ಕೆ ಕುಷ್ಟಗಿ ಕಡೆಯಿಂದ ಅವಳ ತಾಯಿ ಉಡಚಮ್ಮ ಬಂದಳು. ಅವರು ಕೇರಿಯವರು. ಅವಳು ಬಯ್ಯಲಿಲ್ಲ, ಅಗೆದು ತೆಗೆಯಿರಿ ಎನ್ನಲೂ ಇಲ್ಲ. ಗೋರಿಯ ಸುತ್ತ ಒಂದು ಸುತ್ತು ಬಂದು ಹೊಳಿಯಪ್ಪನನ್ನು ಕೇಳಿದಳು:

“ಯಪ್ಪಾ, ಅಮಾಸಿಗೆ ಎಡಿ ಇಟ್ಟು ಕರದೆ. ಬರಲಿಲ್ಲ. ಮಗ್ಗಲದಾಗ ಮುಚ್ಚಿಟ್ರ ಆಕಿಗೆ ಮನಿ ದಾರಿ ಹೆಂಗ ಕಾಣತೈತಿ?”

ಉಡಚಮ್ಮ ಬಂದ ದಾರಿಯಲ್ಲೇ ಹೊರಟುಹೋದಳು. ಹೊಳಿಯಪ್ಪ ಎರಡು ದಿನ ಊಟ ಬಿಟ್ಟ ಎಂದು ಅವನ ಹೆಂಡತಿ ಹೇಳಿದ್ದು ನೆನಪಿದೆ.

ಆ ವಾರ ನಾನು ಗಾದಿ ಹೊಲಿಸಲು ಶಫೀಸಾಬನ ಮನೆಗೆ ಹೋಗಿದ್ದೆ. ಹೊಳಿಯಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ್ದ.

“ಸಾಬಣ್ಣಾ, ಒಂದು ಕೇಳ್ತೀನಿ. ಅಯ್ಯನೋರು ಹೇಳ್ತಾರ, ಕುಣ್ಯಾಗ ಕುಂತಾಂವ ಲಿಂಗದಾಗ ಕೂಡಿ ಹೋದ, ಇನ್ನ ಬರಂಗಿಲ್ಲ ಅಂತ. ನೀ ಹೇಳ್ತಿ, ಮಲಗಿದಾಂವ ಕಯಾಮತ್ ದಿನಾ ಎದ್ದು ಲೆಕ್ಕ ಕೊಡ್ತಾನ ಅಂತ. ನಮ್ಮವ್ವ ಹೇಳ್ತಾಳ, ಸತ್ತಾವ್ರು ಅಮಾಸಿಗೊಮ್ಮೆ ಮನಿಗೆ ಬಂದು ಉಂಡು ಹೋಗ್ತಾರ ಅಂತ. ಮೂರೂ ಖರೇ ಹೆಂಗಾಗ್ತಾವ?”

“ನನಗೇನು ಗೊತ್ತೋ? ನಾ ಹತ್ತಿ ಹಿಂಜಾಂವ.”

“ಮಸೂತ್ಯಾಗ ಓದ್ತಿಯಲ್ಲ?”

“ಓದ್ತೀನಿ. ತಿಳಕೊಂಡು ಓದಿದ್ರ ಹೈದರಾಬಾದಿನ್ಯಾಗ ಮುಲ್ಲಾ ಆಗಿ ಪಲಾವ ಉಣ್ತಿದ್ದೆ. ನಿನ್ನ ಜೋಡಿ ಕುಂತು ಯಾಕ ಬೀಡಿ ಸೇದ್ತಿದ್ದೆ?”

“ಚಾಷ್ಟಿ ಬ್ಯಾಡ. ಒಬ್ಬರದರ ಸುಳ್ಳಿರಬೇಕಲ್ಲ.”

“ಇರಬೇಕು. ನಿನಗಿಂತ ನಾ ದೊಡ್ಡಾಂವ, ಮೊದಲ ಹೋಗ್ತೀನಿ. ನೋಡಿಕೊಂಡು ಬಂದು ನಿನ್ನ ಕನಸಿನ್ಯಾಗ ಹೇಳ್ತೀನಿ ತಡಿ.”

“ಕನಸಿನ್ಯಾಗ ಬಂದ್ರ ನಮ್ಮವ್ವ ಹೇಳಿದ್ದ ಖರೇ ಆತು. ನಿಂದ ಸುಳ್ಳಾತು.”

ಒಳಗಿದ್ದ ಮೆಹಬೂಬಬೀ ಬಿದ್ದುಬಿದ್ದು ನಕ್ಕಳು. ಶಫೀಸಾಬ ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟು ನಕ್ಕ. ಹೊಳಿಯಪ್ಪ ನಗಲಿಲ್ಲ.

“ಯಾರದು ಖರೇ ಅಂತ ನನಗ ಗೊತ್ತಾಗಂಗಿಲ್ಲ,” ಎಂದ. “ಗೊತ್ತಾಗದಾಂವ ಮೂರೂ ಚೊಕ್ಕ ತೋಡಬೇಕು. ಯಾವುದು ಖರೇ ಇತ್ತೋ ಅದನ್ನ ನಾ ಕೆಡಿಸಿದ್ರ, ಆ ಜೀವಕ್ಕ ಎಲ್ಲಿ ನೆಲಿ? ಆ ಮುದುಕಿ ಮಗಳ ಕುಣಿ ನಾ ಕೆಡಿಸೀನಿ.”

ಎಲ್ಲ ಧರ್ಮವೂ ಒಂದೇ ಎನ್ನುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಮಾಡಿದ್ದೇನೆ. ಅವೆಲ್ಲ ಪುಕ್ಕಟೆ ಮಾತು. ಹೊಳಿಯಪ್ಪ ಒಂದೇ ಎನ್ನಲಿಲ್ಲ. ಬೇರೆ ಬೇರೆಯೇ ಇವೆ, ಅದಕ್ಕೇ ಒಬ್ಬೊಬ್ಬರದನ್ನೂ ಅವರವರ ಅಳತೆಗೆ ತೋಡಬೇಕು ಎಂದ.

ಆಮೇಲೆ 1947 ಬಂತು. ನಾವು ಕೆಲವರು ನಿಜಾಮರ ವಿರುದ್ಧ ಹೋರಾಡಲು ಗಡಿ ದಾಟಿ ಶಿಬಿರ ಸೇರಿದೆವು. ರಜಾಕಾರರು ಊರಿಗೆ ಬಂದರು, ನೆಲದೊಳಗಿನ ಜೋಳದ ಹಗೇವು ತೆಗೆಸಿದರು, ಜನರನ್ನು ಹೊಡೆದರು, ಮಸೂತಿಯಲ್ಲಿ ಮೂರು ದಿನ ಇಳಿದರು. ಶಫೀಸಾಬ ಅವರಿಗೆ ಅಡಿಗೆ ಮಾಡಿ ಹಾಕಿದ. ಅವನು ಯಾರನ್ನೂ ಉಳಿಸಲಿಲ್ಲ, ಯಾರನ್ನೂ ಹಿಡಿದುಕೊಡಲಿಲ್ಲ. ಅಂಜಿ ಅನ್ನ ಬೇಯಿಸಿದ. ಆ ಅನ್ನಕ್ಕೆ ಅಕ್ಕಿ ಕೊಟ್ಟವರು ಊರ ಗೌಡಿಕೆಯ ಉಮಾಪತಿಗೌಡರು. ಅವರೂ ಅಂಜಿಯೇ ಕೊಟ್ಟದ್ದು. ಅಕ್ಕಿ ಕೊಟ್ಟದ್ದನ್ನು ಊರು ಮರೆಯಿತು, ಬೇಯಿಸಿದ್ದನ್ನು ಮರೆಯಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮ ಶರಣಾದ. ನಾವು ಊರಿಗೆ ತಿರುಗಿ ಬಂದೆವು. ಬಂದ ದಿನವೇ ನಾನು ಚಾವಡಿಯ ಮುಂದೆ ನಿಂತು ಎಲ್ಲ ಧರ್ಮವೂ ಸತ್ಯ ಎಂದು ಭಾಷಣ ಮಾಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಚಾವಡಿಯ ಮುಂದೆ ಬಾವುಟ ಕಟ್ಟುತ್ತಿದ್ದೆ. ಎಂಟು ಹತ್ತು ಜನ ಶಫೀಸಾಬನನ್ನು ಎಳೆದುಕೊಂಡು ಬಂದರು. ಇಬ್ಬರು ನನ್ನ ಶಿಬಿರದವರು, ಉಳಿದವರು ನಮ್ಮೂರಿನವರು. ಅವನು ನನ್ನನ್ನು ನೋಡಿದ.

“ತಮ್ಮಾ, ನೀನರ ಹೇಳೋ,” ಎಂದ.

ನಾನು ಬಿಗಿದ ಗಂಟನ್ನೇ ಮತ್ತೊಮ್ಮೆ ಬಿಗಿದೆ. ಅಷ್ಟೇ ಮಾಡಿದ್ದು.

ಅವರು ಅವನನ್ನು ಗೌಡರ ತೋಟದ ಕಡೆಗೆ ಒಯ್ದರು. ಬರುವಾಗ ಅವನಿರಲಿಲ್ಲ. ಮರುದಿನ ಎರಡು ಬಂಡಿ ಕಲ್ಲು ತೋಟದ ಬಾವಿಗೆ ಹೋದವು. ಮೆಹಬೂಬಬೀ ಮೂರು ದಿನ ಬಾಗಿಲು ಬಾಗಿಲಿಗೆ ಹೋಗಿ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಸಾಬರ ಮೂರು ಮನೆಯವರೂ ಗಂಟು ಕಟ್ಟಿಕೊಂಡು ಗಂಗಾವತಿಯ ಕಡೆಗೆ ಹೋದರು.

ನವೆಂಬರಿನಲ್ಲಿ ಮೊಹರಮ್ಮಿನ ಚಂದ್ರ ಕಂಡ. ಊರಿಗೆ ಅಲಾಯಿ ದೇವರು, ಹಬ್ಬದಲ್ಲಿ ಹೊತ್ತು ಮೆರೆಸುವ ಪಂಜಾಗಳು, ಬೇಕಾದವು. ಹರಕೆ ಹೊತ್ತವರಿದ್ದರು, ದೇವರ ಮುಂದೆ ಸಕ್ಕರೆ ಇಟ್ಟು ಓದಿಸುವವರಿದ್ದರು. ಬೆಳಿಗ್ಗೆ ಮಸೂತಿಯ ಮುಂದೆ ಜನ ಸೇರಿತು. ಉಮಾಪತಿಗೌಡರು ಹೊಳಿಯಪ್ಪನನ್ನು ಕರೆಸಿದರು.

“ಲೇ ಹೊಳಿಯಾ, ಕುಣಿಗೆ ಗುದ್ದಲಿ ಹಾಕು.”

“ಮುಜಾವರ ಬೇಕಲ್ರಿ ಯಪ್ಪಾ. ಓದಿಕಿ ಆಗದ ಗುದ್ದಲಿ ಹಾಕೂ ಪದ್ಧತಿಲ್ಲ.”

“ಊದು ಹಾಕಿದ್ರ ಓದಿಕಿ ಆತು. ನಾ ಹಾಕ್ತೀನಿ. ದೇವರು ಊರಿನವಲೇ, ಸಾಬನ ಮನೀವಲ್ಲ.”

“ದೇವರು ಊರಿನವಾದ್ರ ಹೆಣಾನೂ ಊರಿಂದು ಅಲ್ಲೇನ್ರಿ?”

ಗೌಡರ ಕೈಯಲ್ಲಿದ್ದ ಊದಿನ ಧೂಪದ ಬಟ್ಟಲು ಹಾಗೇ ನಿಂತಿತು. “ಯಾವ ಹೆಣ?”

“ಶಫೀಸಾಬಂದು. ಎಲ್ಲಿ ಹಾಕೀರಿ ಹೇಳ್ರಿ. ಮೊದಲ ಅವನ ಬಗಲಿ ಕುಣಿ. ಆಮ್ಯಾಲ ಅಲಾಯಿ ಕುಣಿ.”

“ಅಂವ ಊರು ಬಿಟ್ಟು ಓಡಿ ಹೋಗ್ಯಾನ.”

“ಬಿಲ್ಲು ಮನ್ಯಾಗ ತೂಗಾಕತ್ತೈತ್ರಿ ಗೌಡ್ರ. ಪಿಂಜಾರ ಬಿಲ್ಲು ಬಿಟ್ಟು ಓಡ್ತಾನ್ರೇನು?”

ಗುಂಪಿನಲ್ಲಿದ್ದ ಈಶಪ್ಪ, ಕಲ್ಲಿನ ಬಂಡಿ ಹೊಡೆದವನು, ಕೂಗಿದ: “ಏನಲೇ, ಸಾಬ ಆಗೀಯೇನು? ಸುಂತಿ ಮಾಡಸೂಣೇನು?”

ಜನ ನಕ್ಕರು. ಹೊಳಿಯಪ್ಪ ನಗು ನಿಲ್ಲುವತನಕ ತಡೆದ.

“ಸಾಬ ಅಲ್ರಿ. ಹಿಂದೂ ಅಂತೂ ನೀವು ಅನ್ನಂಗಿಲ್ಲ, ಗುಡಿ ಮೆಟ್ಟಲಾ ಹತ್ತಸಂಗಿಲ್ಲ. ನಾ ಕುಣಿ ತೋಡಾಂವ. ಹೆಣ ಕೇಳಾಕತ್ತೀನಿ.”

ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ನಡೆದ. ಆ ದಿನವೇ ಕೇರಿಗೆ ಊರ ಕೂಲಿ ನಿಂತಿತು. ಅವನ ಕೇರಿಯವರೇ ಅವನಿಗೆ ಬಯ್ದರು, ಬಯ್ಯುವಂತೆಯೂ ಇತ್ತು. ಹಸಿದ ಹೊಟ್ಟೆ ಅವರದು. ಈಶಪ್ಪನೂ ಇನ್ನಿಬ್ಬರೂ ಸೇರಿ ಸೊಟ್ಟಗೆ ಒಂದು ಗುಂಡಿ ತೋಡಿದರು. ದೇವರು ಎದ್ದವು. ಶಫೀಸಾಬನನ್ನು ಎಳೆದ ಕೈಗಳೇ ದೇವರನ್ನು ಹೊತ್ತವು. ಹಬ್ಬ ನೋಡಲು ಬಂದ ಹೊಸ ಸರಕಾರದ ಅಧಿಕಾರಿಯೊಬ್ಬ, ಹಿಂದೂ ಮುಸ್ಲಿಮರ ಒಗ್ಗಟ್ಟು ನೋಡಬೇಕೆಂದರೆ ಇಲ್ಲಿ ನೋಡಬೇಕು ಎಂದು ಹೊಗಳಿ ಹೋದ. ಊರಲ್ಲಿ ಒಬ್ಬ ಮುಸ್ಲಿಮನೂ ಉಳಿದಿರಲಿಲ್ಲ.

ಅತ್ತ ಸಾಬರ ಗೋರಸ್ಥಾನದಲ್ಲಿ ಹೊಳಿಯಪ್ಪ ಒಬ್ಬನೇ ಬಗಲಿ ಕುಣಿ ತೋಡಿ ತೆರೆದಿಟ್ಟ. ದಿನಾ ಹೋಗಿ ಬಿದ್ದ ಮಣ್ಣು ಎತ್ತುತ್ತಿದ್ದ. ಎರಡು ತಿಂಗಳು ನಾನು ಆ ದಾರಿ ಹಿಡಿಯಲಿಲ್ಲ. ಕಡೆಗೆ ಒಂದು ಸಂಜೆ ಹೋದೆ.

“ಹೊಳಿಯಪ್ಪಾ, ಅಂವ ಗೌಡರ ಬಾವ್ಯಾಗ ಅದಾನ.”

“ಗೊತ್ತೈತ್ರಿ.”

“ಗೊತ್ತಿದ್ದು ಮತ್ಯಾಕ ಊರಿಗೆಲ್ಲಾ ಕೇಳಿದಿ?”

“ನಾ ಆ ಬಾವಿ ಮುಟ್ಟೂವಂಗಿಲ್ಲಲ್ರಿ. ಮೆಟ್ಟಲಾ ಇಳದ್ರ ಬಾವಿ ಕೆಡಿಸಿದ ಅಂತ ನನ್ನೂ ಅದರಾಗ ಹಾಕ್ತಾರ. ನಿಮಗ ಇಳಿಯೂ ಹಕ್ಕೈತಿ. ನೀವು ಎತ್ತಿ ಕೊಡ್ರಿ. ಕುಣಿ ತಯಾರೈತಿ.”

ಹೆಣ ಬಿದ್ದು ಕಲ್ಲು ತುಂಬಿದ ಬಾವಿಗೂ ಮಡಿಯಿತ್ತು. ಅವನು ಕುಣಿಯೊಳಗಿನಿಂದಲೇ ಮಾತಾಡಿದ.

“ನೀವು ಚಾವಡಿ ಮುಂದ ನಿಂತು ಎಲ್ಲಾ ಧರ್ಮ ಖರೇ ಅಂದ್ರಲ್ರಿ, ಆವತ್ತು. ನನಗ ತಿಳಿಯಂಗಿಲ್ಲ, ಓದಿದವರು ನೀವು. ಖರೇ ಇದ್ರ ಶಫೀಸಾಬಂದೂ ಖರೇನ ಆತು. ಹಂಗಾದ್ರ ಅಂವ ಎದ್ದು ಲೆಕ್ಕ ಕೊಡೂ ದಿನಾ ಎರಡು ಬಂಡಿ ಕಲ್ಲಿನ ಕೆಳಗಿಂದ ಹೆಂಗ ಏಳ್ತಾನ್ರಿ?”

“ನಾಳಿ ನಾಕು ಮಂದಿ ಕೂಡಿಸಿ ನೋಡ್ತೀನಿ,” ಎಂದೆ.

ನಾಲ್ಕು ಮಂದಿ ಕೂಡಲಿಲ್ಲ. ನಾನು ಕೂಡಿಸಲಿಲ್ಲ ಎಂಬುದೇ ಸರಿ. ಮುಂದೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನು ಕೈಮುಗಿದು “ನಾಳಿ ಏನ್ರಿ?” ಎಂದಷ್ಟೇ ಕೇಳುತ್ತಿದ್ದ. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು.

1949ರ ಮುಂಗಾರು ಜೋರಾಗಿ ಹಿಡಿಯಿತು. ಎರೆಮಣ್ಣಿನ ಗೋಡೆ ಎಷ್ಟು ದಿನ ನಿಂತೀತು? ಬಗಲಿ ಕುಸಿಯಿತು. ಹೊಳಿಯಪ್ಪ ನಡುಮಟ ನೀರಲ್ಲಿ ನಿಂತು ರಾಡಿ ಎತ್ತಿದ, ಮತ್ತೆ ಕುಸಿಯಿತು, ಮತ್ತೆ ಎತ್ತಿದ. ಶ್ರಾವಣದಲ್ಲಿ ಜ್ವರ ಹಿಡಿದು ಆರು ದಿನಕ್ಕೆ ಸತ್ತ. ಕೇರಿಯವರು ತಮ್ಮ ಪದ್ಧತಿಯಂತೆ ಮಣ್ಣು ಮಾಡಿದರು. ಊರಿನಿಂದ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಶಫೀಸಾಬನಿಗೆ ತೋಡಿದ್ದು ತಾನಾಗಿ ತುಂಬಿಕೊಂಡಿತು.

ಇದನ್ನು ಓದಿ ಅಯ್ಯೋ ಪಾಪ ಎನ್ನಬೇಡಿ, ಅದು ಯಾರ ಮೇಲಿನ ಕಲ್ಲನ್ನೂ ಸರಿಸುವುದಿಲ್ಲ. ಬಾವಿ ಈಗಲೂ ಅಲ್ಲೇ ಇದೆ, ಮುಳ್ಳಿನ ಬಾರಿಕಂಟಿ ಬೆಳೆದಿದೆ. ಅಂಥ ಬಾವಿ ನಮ್ಮೂರಲ್ಲಿ ಮಾತ್ರ ಇತ್ತೆಂದು ನೀವು ನಂಬಿದ್ದರೆ, ನಿಮ್ಮೂರಿನ ಹಳಬರನ್ನು ಕೂಡ್ರಿಸಿಕೊಂಡು ಕೇಳಿ: ಯಾವ ಬಾವಿ, ಒಳಗೆ ಯಾರು, ಕಲ್ಲು ಹಾಕಿದವರು ಯಾರು. ಹೆಸರು ಹಿಡಿದು ಹೇಳಿಸಿ. ಆಮೇಲೆ ಹಗ್ಗ ಕಟ್ಟಿ ನೀವೇ ಇಳಿಯಿರಿ, ಕಲ್ಲು ಎತ್ತಿ ಮೇಲೆ ಹಾಕಿ, ಸಿಕ್ಕ ಎಲುಬನ್ನು ಅವರವರ ಪದ್ಧತಿಯಂತೆ ಮಣ್ಣು ಮಾಡಿ. ಎಲ್ಲ ಧರ್ಮವೂ ಸತ್ಯ ಎನ್ನುವ ಮಾತನ್ನು ಅಲ್ಲಿಯವರೆಗೆ ಬಾಯಲ್ಲಿ ತರಬೇಡಿ. ಯಾವತ್ತು ಇಳಿಯುತ್ತೀರಿ? ದಿನ ಹೇಳಿ.