ಕೂಸು ಅತ್ತ ಮೇಲೆ ಕತ್ತರಿ

ಹುಲಿಗೆಮ್ಮತ್ತೆ ಎದುರಿಗೆ ಬಂದವರ ಮುಖವನ್ನು ಆಮೇಲೆ ನೋಡುತ್ತಿದ್ದಳು. ಮೊದಲು ನೋಡುತ್ತಿದ್ದದ್ದು ಮೈಮೇಲಿನ ಟೀ ಶರ್ಟು. ಹತ್ತಿರ ಬಂದು ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, "ಇದು ಯಾವಾಗ ಹಳೇದಾಗ್ತೈತಪ್ಪಾ?" ಎಂದು ಕೇಳುವಳು. ನಮ್ಮ ಓಣಿಯ ಹುಡುಗರು ಅವಳನ್ನು ಕಂಡರೆ ಎದೆಯ ಮೇಲೆ ಕೈ ಕಟ್ಟಿಕೊಂಡು ದಾಟುತ್ತಿದ್ದರು.

"ಅತ್ತೀ, ಮೊನ್ನಿ ಸಂತ್ಯಾಗ ತಗಂಡೀನಿ, ಕಣ್ ಹಾಕಬ್ಯಾಡ."

"ಹಾಕ್ಯಳಲೇ, ಯಾರ್ ಬ್ಯಾಡಂದ್ರು? ನಿನ್ನ ಬೆವರು ಕುಡಿದು ಮೆತ್ತಗಾಗ್ಲಿ. ಆಮ್ಯಾಲ ಅದು ನಂದು."

ಕೊಟ್ಟೂರಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಶಾಂತ, ಹಡಗಲಿಗೆ ಕೊಟ್ಟಿತ್ತು. ಹುಲಿಗೆಮ್ಮತ್ತೆ ಬೆಳಿಗ್ಗೆ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು, ಮಧ್ಯಾಹ್ನ ಕಟ್ಟೆಯ ಮೇಲೆ ಕತ್ತರಿ ಹಿಡಿದು ಕೂರುತ್ತಿದ್ದಳು. ಸೂಜಿ ದಾರ ಮುಟ್ಟುತ್ತಲೇ ಇರಲಿಲ್ಲ. "ಟೀ ಶರ್ಟಿನ ಬಟ್ಟಿ ಕತ್ತರಿಸಿದ್ರ ಎಳಿ ಬಿಚ್ಚಂಗಿಲ್ಲ, ತಾನ ಸುರುಳಿ ಸುತ್ತತೈತಿ. ಸೂಜಿ ಯಾತಕ್ಕ?" ಎನ್ನುವಳು.

ನಾನು ಮದುವೆಯಾದ ಮೇಲೆ ಹತ್ತನೇ ತರಗತಿ ಪಾಸಾದವನು. ಪರೀಕ್ಷೆಗೆ ಹೊರಟಾಗ ಹುಲಿಗೆಮ್ಮತ್ತೆ ನನ್ನ ಹಳೆಯ ಟೀ ಶರ್ಟಿನಲ್ಲೇ ಪುಸ್ತಕದ ಚೀಲ ಮಾಡಿಕೊಟ್ಟಿದ್ದಳು. ತೋಳು ಕತ್ತರಿಸಿದರೆ ಹಿಡಿಕೆ ಆಯಿತು. ಕೆಳಗಿನ ಅಂಚನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಮುಂದಿನದಕ್ಕೂ ಹಿಂದಿನದಕ್ಕೂ ಗಂಟು ಹಾಕಿದರೆ ತಳ ಆಯಿತು. "ಮೀಸಿ ಬಂದ ಮ್ಯಾಲ ಸಾಲಿಗೆ ಹೊಂಟಾನ, ಚೀಲನಾದ್ರೂ ಗಟ್ಟಿ ಇರ್ಲಿ" ಎಂದು ಓಣಿಗೆಲ್ಲ ಕೇಳುವಂತೆ ನಕ್ಕಿದ್ದಳು.

ಆದರೆ ಅವಳು ಬಟ್ಟೆ ಕೂಡಿಡುತ್ತಿದ್ದದ್ದು ಚೀಲಕ್ಕಲ್ಲ, ಕೂಸುಗಳಿಗೆ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವವರೆಗೆ ಹೊಸ ಬಟ್ಟೆ ತೊಡಿಸುವುದಿಲ್ಲ, ಹೊಲಿಗೆ ಬಿದ್ದದ್ದನ್ನೂ ತೊಡಿಸುವುದಿಲ್ಲ. ಹಳೆಯ ಸೀರೆ ಸುತ್ತುತ್ತಾರೆ. ಹುಲಿಗೆಮ್ಮತ್ತೆ ಅದರ ಬದಲು ಟೀ ಶರ್ಟು ಕತ್ತರಿಸಿ ಅಂಗಿ ಮಾಡುವಳು. ಪಕ್ಕಕ್ಕೆ ಗಂಟು, ಎದೆಯ ಮೇಲೆ ಕಟ್ಟಲು ಪಟ್ಟಿ. ತೋಳಿನ ತುದಿ ಬಿಗಿದರೆ ತಲೆಗೆ ಕುಲಾಯಿ. ಗಂಟೆಲ್ಲ ಹೊರಗೆ, ಕೂಸಿನ ಮೈಗೆ ಒಂದೂ ಒತ್ತದು. ಬೀಜದ ಕಂಪನಿಯವರು ಪುಕ್ಕಟೆ ಹಂಚಿದ ಟೀ ಶರ್ಟುಗಳೇ ಹೆಚ್ಚು ಸಿಗುತ್ತಿದ್ದರಿಂದ ನಮ್ಮ ಓಣಿಯ ಕೂಸುಗಳೆಲ್ಲ ಬೆನ್ನ ಮೇಲೆ ಮೆಕ್ಕೆಜೋಳದ ತೆನೆ ಹೊತ್ತೇ ಬೆಳೆದವು.

ಅವಳದೊಂದು ಕಟ್ಟುನಿಟ್ಟು ಇತ್ತು. ಬಸುರಿಯರು ಮೊದಲೇ ಕೇಳಿದರೆ ಗದರುವಳು. "ಕೂಸು ಅತ್ತಿದ್ದು ನನ್ನ ಕಿವಿಗೆ ಬೀಳ್ಬೇಕು, ಆಮ್ಯಾಲ ಕತ್ರಿ. ಬರೋಕಿಂತ ಮೊದ್ಲು ಅಂಗಿ ಕಾಯ್ಬಾರ್ದು."

ಶಾಂತ ಬಹಳ ವರ್ಷದ ಮೇಲೆ ಬಸುರಿಯಾಗಿ ತವರಿಗೆ ಬಂದಳು. ಹೊಸಪೇಟೆಯ ಡಾಕ್ಟರು ಆಪರೇಷನ್ ಆಗಬೇಕು ಎಂದು ದಿನ ಗೊತ್ತು ಮಾಡಿದರು. ಆ ವಾರ ನಾನು ಗೋಡೆಯಾಚೆ ನೋಡಿದರೆ ಹುಲಿಗೆಮ್ಮತ್ತೆ ಅಳಿಯನ ನೀಲಿ ಟೀ ಶರ್ಟನ್ನು ಮಡಿಲಲ್ಲಿ ಹರವಿಕೊಂಡು ಕತ್ತರಿಸುತ್ತಿದ್ದಳು.

"ಅತ್ತೀ, ಅಳು ಕೇಳಿತೇನು?" ಎಂದೆ.

"ಡಾಕ್ಟ್ರು ತಾರೀಖು ಕೊಟ್ಟಾರಲೇ! ತಾರೀಖು ಕೊಟ್ಟ ಮ್ಯಾಲ ಬಂದಂಗ. ದವಾಖಾನ್ಯಾಗ ಕತ್ರಿ ಹಿಡ್ಕಂಡು ಕುಂದ್ರಾಕಾಗ್ತೈತೇನು?" ಎನ್ನುತ್ತ ಉದ್ದುದ್ದ ಪಟ್ಟಿ ಸೀಳಿ, ಎಳೆದೆಳೆದು ಹಗ್ಗದಂತೆ ಸುರುಳಿ ಮಾಡಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ದಿನ ಬರುವ ಮೊದಲೇ ಹೊಟ್ಟೆಯಲ್ಲಿ ಕೂಸು ಮಿಸುಕುವುದು ನಿಂತಿತು. ಹೊಸಪೇಟೆಗೆ ಓಡಿದರು. ಕೂಸು ಅಳಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ.

ನಾವು ಮಾತಾಡಿಸಲು ಹೋದಾಗ ಶಾಂತ ಮಲಗಿದ್ದಲ್ಲಿಂದಲೇ ತಾಯಿಗೆ ಹೇಳುತ್ತಿದ್ದಳು. "ಯವ್ವಾ, ಎಷ್ಟು ಸಲ ಹೇಳ್ಲಿ? ಯಾರ ಕೈಯಾಗೂ ಇರಲಿಲ್ಲ ಅಂತ ಡಾಕ್ಟ್ರೇ ಅಂದಾರ. ನಿನ್ನ ಕತ್ರಿ ಏನ್ ಮಾಡ್ತೈತಿ?"

ಹುಲಿಗೆಮ್ಮತ್ತೆ ಅವಳತ್ತ ನೋಡಲಿಲ್ಲ. ನನ್ನ ಕಡೆ ತಿರುಗಿ, "ನೀನ ನೋಡಿದೆಲ್ಲಪ್ಪಾ. ಆ ಪಟ್ಟಿ ಹೆಂಗ ಎಳದೆ ನಾನು" ಎಂದಳು.

ಅಲ್ಲಿಂದ ಅವಳು ಕತ್ತರಿ ಮುಟ್ಟಲಿಲ್ಲ. ರೊಟ್ಟಿ ಬಡಿದಳು, ಬಾಗಿಲು ಹಾಕಿಕೊಂಡಳು. ಹುಡುಗರು ಹಳೆಯ ಟೀ ಶರ್ಟುಗಳನ್ನು ತಾವಾಗಿಯೇ ತಂದು ಕಟ್ಟೆಯ ಮೇಲಿಟ್ಟು ಹೋದರು. ಅವು ಬಿಸಿಲಿಗೆ ಅಲ್ಲೇ ಬಿಳಚಿದವು.

ಆಮೇಲೆ ನಮಗೆ ಮಗಳು ಹುಟ್ಟಿದಳು. ಕರೆಯಲು ಹೋದೆ. ಬಾಗಿಲು ಅರ್ಧ ತೆರೆದು, "ನನ್ನ ಕೈ ಬ್ಯಾಡಪ್ಪ. ಹಸಿ ಕೂಸು" ಎಂದಳು. ನನ್ನ ಹೆಂಡತಿ ರೇಣುಕ ಮಲಗಿದ್ದಲ್ಲೇ ಹಟ ಹಿಡಿದಳು. "ಅತ್ತಿ ಮಾಡಿದ ಅಂಗಿನ ಬೇಕು. ಇಲ್ಲಂದ್ರ ಕೂಸು ಬರೇ ಮೈಯಾಗ ಇರ್ಲಿ."

ಕೊನೆಗೆ ನಾನೇ ನಮ್ಮ ಮನೆಯ ಕತ್ತರಿ ತೆಗೆದುಕೊಂಡು, ನನ್ನದೇ ಟೀ ಶರ್ಟು ಹಿಡಿದು ಅಂಗಳದಲ್ಲಿ ಕುಳಿತೆ. ಒಂದು ತೋಳು ಕತ್ತರಿಸಿ ಕೊರಳಿಗೆ ಕತ್ತರಿ ಹಾಕುವಷ್ಟರಲ್ಲಿ ಗೋಡೆಯಾಚೆಯಿಂದ ದನಿ ಬಂತು.

"ಕೊಳ್ಳು ಅಷ್ಟಗಲ ಬಿಟ್ಟೀಯಲ್ಲ, ಒಳಗಿರೋದು ಕೂಸೋ ಕೋಣೋ?"

ಎದ್ದು ನೋಡಿದೆ. ಗೋಡೆಗೆ ಎದೆ ಒತ್ತಿ ನಿಂತಿದ್ದಳು. "ಬಂದು ಮಾಡಿಕೊಡು ಅತ್ತೀ" ಎಂದೆ.

"ನೀ ಕತ್ತರಿಸು. ನಾ ಬಾಯಿಲೆ ಹೇಳ್ತೀನಿ, ಕೈ ಹಚ್ಚಂಗಿಲ್ಲ."

ಹೇಳಿದಂತೆ ಕತ್ತರಿಸಿದೆ. ಗಂಟು ಹಾಕುವಾಗ ತಲೆ ಎತ್ತಿದರೆ, ಗೋಡೆಯ ಮೇಲೆ ಅವಳ ಹತ್ತೂ ಬೆರಳು ಬರೀ ಗಾಳಿಯಲ್ಲಿ ಗಂಟು ಹಾಕುತ್ತಿದ್ದವು. ನಾನು ನೋಡಿದ್ದು ಗೊತ್ತಾಗಿ ಕೈ ಕೆಳಗಿಳಿಸಿದಳು. ಸೊಟ್ಟಪಟ್ಟ ಅಂಗಿಯನ್ನು ಎತ್ತಿ ತೋರಿಸಿದೆ. "ಹೂಂ, ತೊಡಿಸ್ರಿ" ಎಂದು ಒಳಗೆ ಹೋದಳು. ಹೆಸರಿಡುವ ದಿನಕ್ಕೂ ಬರಲಿಲ್ಲ.

ಹಡಗಲಿಗೆ ಮರಳಿದ್ದ ಶಾಂತಳಿಗೆ ಮೈ ಸರಿಯಿರಲಿಲ್ಲ. ಸ್ವಲ್ಪ ದಿನದಲ್ಲಿ ಹುಲಿಗೆಮ್ಮತ್ತೆ ಮನೆಗೆ ಬೀಗ ಹಾಕಿ ಮಗಳ ಜೊತೆ ಇರಲು ಹೊರಟಳು. ಹೋದ ಚಳಿಗಾಲದಲ್ಲಿ ಹಡಗಲಿಯಲ್ಲೇ ತೀರಿಕೊಂಡಳು. ನಾವು ಅವಳನ್ನು ಕೊನೆಯ ಸಲ ಕಂಡದ್ದು ಅವಳು ಊರು ಬಿಟ್ಟ ಆ ದಿನವೇ, ಬಸ್ ಸ್ಟ್ಯಾಂಡಿನಲ್ಲಿ.

ನಾನು ಗಂಟುಮೂಟೆ ಹೊತ್ತು ಹೋಗಿದ್ದೆ. ರೇಣುಕ ಕೂಸನ್ನು ಎತ್ತಿಕೊಂಡು ಹಿಂದೆಯೇ ಬಂದಳು. ಬಸ್ಸಿನ ಕಿಟಕಿಯ ಹತ್ತಿರ ಕೂಸನ್ನು ಎತ್ತಿ ಹಿಡಿದು, "ಒಂದ್ಸಲ ಮುಟ್ಟು ಅತ್ತೀ" ಎಂದಳು.

ಹುಲಿಗೆಮ್ಮತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡವ್ವಾ. ಇಲ್ಲಿಂದನ ಕಾಣ್ತಾಳ. ಚೊಲೊ ಅದಾಳ."

ಬಸ್ಸಿನ ಹೊಗೆಗೋ ಧೂಳಿಗೋ ಕೂಸು ಸೀನಿತು.

"ನೂರ್ ವರ್ಷ ಬಾಳವ್ವಾ" ಎಂದುಬಿಟ್ಟಳು. ಮರುಗಳಿಗೆಗೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಇನ್ನೂ ಬಾರದ ವರ್ಷಗಳನ್ನು ಮೊದಲೇ ಎಣಿಸಿ ಅನಾಹುತ ಮಾಡಿದವಳಂತೆ ರೇಣುಕಳ ಮುಖವನ್ನು ನೋಡಿದಳು.

ಬಸ್ಸು ಹೊರಟಿತು. ರೇಣುಕ ಕೂಸನ್ನು ಎದೆಗೆ ಅವಚಿಕೊಂಡು ಕಿಟಕಿಯ ಪಕ್ಕದಲ್ಲೇ ಓಡಿದಳು.

"ಇನ್ನೊಂದ್ಸಲ ಅನ್ನು ಅತ್ತೀ. ಇನ್ನೊಂದ್ಸಲ ಅನ್ನು."

ಅವಳು ಬಾಯಿಂದ ಸೆರಗು ತೆಗೆಯಲಿಲ್ಲ.